ಮೂಗಿನ ಗೂನು: ಒಂದು ಶಸ್ತ್ರಕ್ರಿಯೆಯ ವಂಶಾವಳಿಯನ್ನು ಕುರಿತು

ಮೂಗಿನ ರೂಪವನ್ನು ತಿದ್ದುವ ಶಸ್ತ್ರಕ್ರಿಯೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಒಂದೇ ನೇರ ರೇಖೆಯನ್ನು ಎಳೆಯುವುದು ರೂಢಿ. ಸುಶ್ರುತನಿಂದ ಹೊರಟ ಆ ರೇಖೆ ಪುಣೆಯ ಹತ್ತಿರದ ಒಬ್ಬ ಕುಶಲಕರ್ಮಿಯ ಕೈಯನ್ನು ಹಾದು, 1794ರಲ್ಲಿ ಲಂಡನ್ನನ್ನು ಮುಟ್ಟಿ, ಅಲ್ಲಿಂದ ಬರ್ಲಿನ್ನಿಗೆ ಸಾಗಿ, ಕೊನೆಗೆ ಇಂದಿನ ಮುಂಬಯಿ, ಹೈದರಾಬಾದು, ದೆಹಲಿಗಳ ಸೌಂದರ್ಯ ಚಿಕಿತ್ಸಾಲಯಗಳ ಬಾಗಿಲಿಗೆ ಬಂದು ನಿಲ್ಲುತ್ತದೆ. ವೈದ್ಯ ಸಮ್ಮೇಳನಗಳ ಸ್ಮರಣ ಸಂಚಿಕೆಗಳಲ್ಲಿಯೂ ನಮ್ಮ ಪಠ್ಯಪುಸ್ತಕಗಳಲ್ಲಿಯೂ ಈ ವಂಶಾವಳಿ ಅಭಿಮಾನಪೂರ್ವಕವಾಗಿ ಉದ್ಧೃತವಾಗುತ್ತದೆ. ಇದರ ಪೂರ್ವಾರ್ಧವನ್ನು ಕುರಿತು ನಮಗೆ ಹೆಚ್ಚಿನ ತಕರಾರಿಲ್ಲ. ಆದರೆ ಇಂದು ಆ ಚಿಕಿತ್ಸಾಲಯಗಳಿಗೆ ಹೋಗುವ ಬಹುಮಂದಿಯ ಕೋರಿಕೆಯೇ ಬೇರೆ. ಅವರಿಗೆ ಮೂಗು ಇದೆ, ಅದರ ಬೆನ್ನಿನ ನಡುವೆ ಒಂದು ಉಬ್ಬಿದೆ, ಅದು ನಯವಾಗಬೇಕು. ಈ ಉಬ್ಬನ್ನು ಪ್ರಸ್ತುತ ಲೇಖನದಲ್ಲಿ ‘ಗೂನು’ ಎಂದು ಕರೆದಿದ್ದೇವೆ. ಕೊಯ್ದುಹೋದ ಮೂಗನ್ನು ಕಟ್ಟಿಕೊಡುವ ವಿದ್ಯೆಯೂ ಇರುವ ಮೂಗಿನ ಗೂನನ್ನು ಇಳಿಸುವ ವಿದ್ಯೆಯೂ ಒಂದೇ ಬೇರಿನವೇ ಎಂಬುದು ನಮ್ಮ ಪ್ರಶ್ನೆ. ಅಲ್ಲವೆಂದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ನಿವೇದಿಸುತ್ತೇವೆ.

ಮೊದಲು ಪುಣೆಯ ಪ್ರಸಂಗ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆ ‘ಬಿ. ಎಲ್.’ ಎಂಬ ಅಕ್ಷರಗಳ ಸಹಿಯುಳ್ಳ ಒಂದು ಪತ್ರವನ್ನು ಚಿತ್ರಸಹಿತವಾಗಿ ಪ್ರಕಟಿಸಿತು. ಪತ್ರದ ನಾಯಕ ಕಾವಸಜಿ, ಒಕ್ಕಲುತನದ ಜಾತಿಗೆ ಸೇರಿದ ಮರಾಠ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು ಪತ್ರ ಹೇಳುತ್ತದೆ. ಸುಮಾರು ಹನ್ನೆರಡು ತಿಂಗಳು ಮೂಗಿಲ್ಲದೆ ಕಳೆದ ಮೇಲೆ, ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಯ (ಬಹುಶಃ ಕುಂಬಾರನಾದ) ಒಬ್ಬನು ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟನು. ಮುಂಬಯಿ ಪ್ರಾಂತದ ಇಬ್ಬರು ಇಂಗ್ಲಿಷ್ ವೈದ್ಯರು ಈ ಕ್ರಿಯೆಯನ್ನು ಕಣ್ಣಾರೆ ಕಂಡಿದ್ದರು. ಪುಣೆ ಮತ್ತು ಮುಂಬಯಿಗಳಲ್ಲಿ ಕೆಲಸ ಮಾಡುತ್ತಿದ್ದ ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ ಕಾವಸಜಿಯ ಮುಖವನ್ನು ಬರೆದನು.

ಕ್ರಿಯೆಯ ವಿವರಗಳು ಸ್ವಾರಸ್ಯವಾಗಿವೆ. ಮೇಣದ ತೆಳುಹಾಳೆಯೊಂದನ್ನು ಮೂಗಿನ ಮೊಂಡಿನ ಮೇಲೆ ಕೂರಿಸಿ, ಚೆಲುವಾದ ಮೂಗಿನ ಆಕಾರಕ್ಕೆ ಒತ್ತಬೇಕು. ಅದನ್ನೇ ಬಿಡಿಸಿ, ಚಪ್ಪಟೆ ಮಾಡಿ, ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯಬೇಕು. ಗೆರೆಯೊಳಗಿನ ಚರ್ಮವನ್ನು ಬಿಡಿಸುವಾಗ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕೊಯ್ಯದೆ ಉಳಿಸಬೇಕು. ಹೊಸ ಮೂಗು ಬೇರೂರುವ ತನಕ ಅದಕ್ಕೆ ರಕ್ತ ಹರಿಯುವುದು ಆ ಪಟ್ಟಿಯಿಂದಲೇ. ಬಿಡಿಸಿದ ಚರ್ಮವನ್ನು ತಿರುಚಿ ಕೆಳಗಿಳಿಸಿ, ಮೊಂಡಿನ ಅಂಚಿನಲ್ಲಿ ಮಾಡಿದ ಕಚ್ಚಿನೊಳಗೆ ಸೇರಿಸಿ, ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಯ ಪಟ್ಟಿಗಳ ಮೇಲೆ ಬಳಿದು, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಬೇಕು. ರೋಗಿ ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳಲ್ಲಿ ಮೆತ್ತನೆಯ ಬಟ್ಟೆ. ಸುಮಾರು ಇಪ್ಪತ್ತೈದನೆಯ ದಿನ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸುವುದರೊಂದಿಗೆ ಕೆಲಸ ಮುಗಿಯುತ್ತದೆ. ಹೊಲಿಗೆಯಿಲ್ಲದೆ, ಕುಂಬಾರನೂ ತಾಂಬೂಲಪ್ರಿಯನೂ ಬಲ್ಲ ಸಾಮಗ್ರಿಗಳಿಂದಲೇ ನಡೆದ ಕೆಲಸವಿದು.

ಪತ್ರದಲ್ಲಿ ರೋಗಿಯ ಹೆಸರಿದೆ. ನೋಡಿದ ಇಬ್ಬರು ವೈದ್ಯರ ಹೆಸರುಗಳಿವೆ. ಮೂಗನ್ನು ಮಾಡಿದವನ ಹೆಸರು ಮಾತ್ರ ಇಲ್ಲ, ಜಾತಿಯಷ್ಟೇ ಇದೆ. ನಂತರದ ಎರಡು ಶತಮಾನಗಳ ವೈದ್ಯಚರಿತ್ರೆಗಳೂ ಅವನನ್ನು ಜಾತಿಯಿಂದಲೇ ಕರೆದುಕೊಂಡು ಬಂದಿವೆ; ನಾವೂ ಹಾಗೆಯೇ ಕರೆಯಬೇಕಾಗಿದೆ.

ಈ ಪ್ರಸಂಗವನ್ನು ಓದುವ ಕನ್ನಡಿಗನು ಇದರಲ್ಲಿ ನಮ್ಮ ನಾಡಿನ ಪಾತ್ರ ಯಾವುದೆಂಬುದನ್ನೂ ಮರೆಯಬಾರದು. ಮೂಗನ್ನು ಕಟ್ಟಿದ ಕೀರ್ತಿ ಪುಣೆಯದು. ಕೊಯ್ದ ಅಪಕೀರ್ತಿ ಮೈಸೂರಿಗೆ ಸಂದಿದೆ. ಯುದ್ಧ ಮುಗಿದ ಎರಡೇ ವರ್ಷಗಳಲ್ಲಿ ಲಂಡನ್ನಿನಲ್ಲಿ ಅಚ್ಚಾದ ಈ ವೃತ್ತಾಂತಕ್ಕೆ ಟಿಪ್ಪುವಿನ ಕ್ರೌರ್ಯವನ್ನು ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ಅಚ್ಚೊತ್ತುವ ಉಪಯೋಗವೂ ಇತ್ತೆಂಬುದು ಸ್ಪಷ್ಟ. ಆದರೆ ಮೈಸೂರಿನ ಮಟ್ಟಿಗೆ ಈ ಪದ್ಧತಿ ಹೈದರ್-ಟಿಪ್ಪು ಕಾಲಕ್ಕಿಂತ ಬಹಳ ಹಿಂದಿನದು. ರಣಧೀರ ಕಂಠೀರವ ನರಸರಾಜ ಒಡೆಯರ (1638–1659) ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಮೈಸೂರಿನ ಸೇನೆ ತಿರುಮಲನಾಯಕನ ಮಧುರೆಯ ಸೀಮೆಯ ಮೇಲೆ ಏರಿಹೋದಾಗ, ಸೆರೆಸಿಕ್ಕವರ ಮೂಗನ್ನು ಮೇಲ್ದುಟಿಯ ಸಮೇತ ಕೊಯ್ದು ಚೀಲಗಳಲ್ಲಿ ತುಂಬಿ ರಾಜಧಾನಿಗೆ ಕಳುಹಿಸಲಾಯಿತೆಂದು ಮಧುರೆ ಮಿಶನ್ನಿನ ಜೆಸೂಯಿಟ್ ಪಾದ್ರಿಗಳ ಪತ್ರಗಳಲ್ಲಿ ದಾಖಲಾಗಿದೆ. ರಾಮನಾಡಿನ ಸೇತುಪತಿಯ ನೆರವಿನಿಂದ ಮಧುರೆಯವರು ತಿರುಗಿಬಿದ್ದು ಮೈಸೂರಿನವರ ಮೂಗುಗಳನ್ನು ಅದೇ ರೀತಿ ಕೊಯ್ದರು. ಇದು ಚರಿತ್ರೆಯಲ್ಲಿ ‘ಮೂಗುಗಳ ಬೇಟೆ’ ಎಂದೇ ಹೆಸರಾಗಿದೆ. ಕೊಯ್ದ ಮೂಗು ಶತ್ರುಸಂಖ್ಯೆಯ ಲೆಕ್ಕವೂ ಆಗಿತ್ತು. ಆದರೆ ಮುಖ್ಯವಾಗಿ ಅದು ಬದುಕಿ ಉಳಿದವನ ಮುಖದ ಮೇಲೆ ಬರೆದ ಶಾಸನ. ಹೀಗೆ ಕೊಯ್ಸಿಕೊಂಡವನು ಸಾಯುತ್ತಿರಲಿಲ್ಲ. ಊರಿಗೆ ಹಿಂದಿರುಗುತ್ತಿದ್ದನು, ಕಂಡವರೆಲ್ಲ ಅವನ ಸೋಲನ್ನು ಓದುತ್ತಿದ್ದರು. ಸಮರದಲ್ಲಷ್ಟೇ ಅಲ್ಲ, ಜಾರತನದ ಆಪಾದನೆ ಹೊತ್ತ ಹೆಂಗಸರಿಗೂ ಕಳ್ಳರಿಗೂ ಇದೇ ಶಿಕ್ಷೆ ಹಲವೆಡೆ ಇತ್ತು. ಶೂರ್ಪನಖಿಯ ಕಥೆಯನ್ನು ಕೇಳಿ ಬೆಳೆದ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಇಲ್ಲಿ ಮೂಗು ಕಟ್ಟುವ ವಿದ್ಯೆ ಬೆಳೆದದ್ದು ಸೌಂದರ್ಯಾಪೇಕ್ಷೆಯಿಂದಲ್ಲ, ಶಿಕ್ಷೆಯ ಪ್ರಾಚುರ್ಯದಿಂದ. ಮೂಗು ಕೊಯ್ಯುವವರಿದ್ದ ಕಡೆಯಲ್ಲೆಲ್ಲ ಕಟ್ಟುವವರಿಗೂ ಕೆಲಸವಿತ್ತು. ಕಾಠಿಯಾವಾಡದ ಜುನಾಗಢ ಸಂಸ್ಥಾನದ ಮುಖ್ಯ ವೈದ್ಯಾಧಿಕಾರಿಯಾಗಿದ್ದ ತ್ರಿಭುವನದಾಸ ಮೋತಿಚಂದ ಶಾಹ ಎಂಬವರು 1889ರಷ್ಟು ಈಚೆಗೆ ಇದೇ ವಿಷಯವಾಗಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಅದರಲ್ಲಿ ನೂರಕ್ಕೂ ಹೆಚ್ಚು ರೋಗಿಗಳ ವೃತ್ತಾಂತವಿದೆ.

ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯದಲ್ಲಿ ಹೇಳಿರುವ ವಿಧಾನದ ಚೌಕಟ್ಟೂ ಇದೇ. ಅಲ್ಲಿ ಚರ್ಮ ಹಣೆಯದಲ್ಲ, ಕೆನ್ನೆಯದು. ಅಳತೆಗೆ ಮೇಣವಲ್ಲ, ಮರದ ಎಲೆ. ಉಸಿರಾಟಕ್ಕೆ ಎರಡು ನಳಿಗೆಗಳು, ಗಾಯಕ್ಕೆ ಜ್ಯೇಷ್ಠಮಧು ಮೊದಲಾದವುಗಳ ಪುಡಿ, ಮೇಲೆ ಎಳ್ಳೆಣ್ಣೆಯಲ್ಲಿ ನೆನೆಸಿದ ಹತ್ತಿ. ಈ ಪ್ರಕರಣದ ಕೊನೆಗೆ ಬರುವ ಒಂದು ಸೂಚನೆ ನಮ್ಮ ಪ್ರಶ್ನೆಗೆ ಪ್ರಸ್ತುತವಾಗಿದೆ. ಕೂಡಿಕೊಂಡ ಮೂಗು ಗಿಡ್ಡವಾಗಿದ್ದರೆ ಬೆಳೆಸಬೇಕು, ಮಾಂಸ ಅತಿಯಾಗಿ ಬೆಳೆದಿದ್ದರೆ ಸಮಗೊಳಿಸಬೇಕು ಎಂದು ಅಲ್ಲಿದೆ. ಉಬ್ಬನ್ನು ತಗ್ಗಿಸುವ ಮಾತು ಪ್ರಾಚೀನ ವೈದ್ಯದಲ್ಲಿ ಬರುವುದು ಇದೊಂದು ಸಂದರ್ಭದಲ್ಲಿ ಎನ್ನಬಹುದು. ಆದರೆ ಅದು ವೈದ್ಯನೇ ಇಟ್ಟ ಹೊಸ ಮಾಂಸದ ಹೆಚ್ಚುವರಿ. ಹುಟ್ಟಿನಿಂದ ಬಂದ ಎಲುಬಿನ ಗೂನಲ್ಲ. ಇದನ್ನು ಹಿಡಿದು ಇಂದಿನ ಶಸ್ತ್ರಕ್ರಿಯೆಯ ಮೂಲ ಸುಶ್ರುತನಲ್ಲಿದೆ ಎನ್ನುವುದು ಗ್ರಂಥಕ್ಕೆ ಮಾಡುವ ಉಪಕಾರವಲ್ಲ.

ಹುಟ್ಟಿನ ಗೂನು ನಮ್ಮ ಪರಂಪರೆಯಲ್ಲಿ ದೋಷವೆಂದು ಎಣಿಸಲ್ಪಟ್ಟಿತ್ತೇ? ಸಾಮುದ್ರಿಕ ಲಕ್ಷಣಕಾರರಿಗೆ ಗಿಣಿಯ ಕೊಕ್ಕಿನಂತೆ ಬಾಗಿದ ಮೂಗು ಶುಭಲಕ್ಷಣ. ದೇವಾಲಯದ ಗರ್ಭಗುಡಿಯ ಮುಂದಿನ ಭಾಗವನ್ನು ನಮ್ಮ ಶಿಲ್ಪಿಗಳು ‘ಶುಕನಾಸಿ’ ಎಂದು ಕರೆದದ್ದು ಆ ಆಕಾರದ ಮೇಲಿನ ಗೌರವದಿಂದಲೇ. ಮಾತಿನಲ್ಲಿ ‘ಗಿಣಿಮೂಗು’ ಎಂಬುದು ಕೆಲವೊಮ್ಮೆ ಹಾಸ್ಯ, ಕೆಲವೊಮ್ಮೆ ಮೆಚ್ಚಿಕೆ. ಸಂಪಿಗೆಯ ಮೊಗ್ಗಿನಂತಹ ಮೂಗನ್ನು ಕವಿಗಳು ಹೊಗಳಿದ್ದು ನಿಜವಾದರೂ, ಅದಿಲ್ಲದವರು ವೈದ್ಯನ ಬಳಿಗೆ ಓಡಬೇಕೆಂದು ಯಾರೂ ಹೇಳಿದಂತಿಲ್ಲ.

ಪುಣೆಯ ವಿಧಾನ ಯುರೋಪಿನಲ್ಲಿ ಫಲಿಸಿದ್ದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಇಟಲಿಯಲ್ಲಿ ತೋಳಿನ ಚರ್ಮದಿಂದ ಮೂಗು ಕಟ್ಟುವ ಪದ್ಧತಿಯನ್ನು ತಾಲ್ಯಕೋತ್ಸಿ 1597ರಲ್ಲಿಯೇ ಪ್ರಕಟಿಸಿದ್ದನು. ಆದರೆ ಅದು ಬಳಕೆಯಿಂದ ತಪ್ಪಿಹೋಗಿತ್ತು. ಜಂಟಲ್‌ಮನ್ಸ್ ಮ್ಯಾಗಜೀನಿನ ಪತ್ರದಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಲಂಡನ್ನಿನಲ್ಲಿ 1814ರಲ್ಲಿ ಹಣೆಯ ಚರ್ಮದಿಂದ ಮೂಗು ಮಾಡಿ, 1816ರಲ್ಲಿ ಗ್ರಂಥ ಬರೆದನು. ಬರ್ಲಿನ್ನಿನ ಗ್ರೇಫೆ 1818ರಲ್ಲಿ ‘ರೈನೋಪ್ಲಾಸ್ಟಿಕ್’ ಎಂಬ ಹೆಸರಿನ ಪುಸ್ತಕವನ್ನು ಹೊರತಂದನು. ಅವನ ನಂತರ ಬಂದ ಡೀಫೆನ್‌ಬಾಖ್ ಅತಿ ದೊಡ್ಡ ಮೂಗುಗಳನ್ನು ಕಿರಿದಾಗಿಸಲು ಹೊರಗಿನಿಂದ ಕೊಯ್ಯುತ್ತಿದ್ದನು. ಗಾಯದ ಕಲೆ ಮುಖದ ಮೇಲೆ ಉಳಿಯುತ್ತಿತ್ತು. ಮೂಗೇ ಇಲ್ಲದವನಿಗೆ ಹಣೆಯ ಮೇಲೊಂದು ಕಲೆ ದೊಡ್ಡ ಬೆಲೆಯಲ್ಲ. ಗೂನನ್ನು ಮಾತ್ರ ಕಳೆದುಕೊಳ್ಳಬೇಕೆನ್ನುವವನಿಗೆ ಅದು ಒಂದು ಕಳಂಕವನ್ನು ಕೊಟ್ಟು ಇನ್ನೊಂದನ್ನು ಕೊಂಡ ವ್ಯಾಪಾರ. ಆದಕಾರಣ ಕಲೆ ಕಾಣದಂತೆ ಕೊಯ್ಯುವ ದಾರಿ ಸಿಗುವವರೆಗೆ ಗೂನಿನ ಶಸ್ತ್ರಕ್ರಿಯೆ ಹುಟ್ಟುವಂತಿರಲಿಲ್ಲ. ಎರಡು ವಿದ್ಯೆಗಳೂ ಬೇರೆ ಬೇರೆಯಾಗುವ ಕವಲು ಇಲ್ಲಿದೆ.

ಆ ದಾರಿ ಅಮೆರಿಕದಲ್ಲಿ ಸಿಕ್ಕಿತು. ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರಿನಲ್ಲಿ ಕಿವಿ-ಮೂಗು-ಗಂಟಲಿನ ವೈದ್ಯನಾಗಿದ್ದ ಜಾನ್ ಆರ್ಲ್ಯಾಂಡೊ ರೋ 1887ರಲ್ಲಿ ಮೊಂಡುಮೂಗನ್ನು ಹೊಳ್ಳೆಯ ಒಳಗಿನಿಂದಲೇ ತಿದ್ದಿದ ಕ್ರಮವನ್ನೂ, 1891ರಲ್ಲಿ ಮೂಗಿನ ಬೆನ್ನಿನ ಕೋನವನ್ನು, ಅಂದರೆ ನಮ್ಮ ಗೂನನ್ನು, ಅದೇ ರೀತಿ ಒಳಗಿನಿಂದ ಇಳಿಸಿದ ಕ್ರಮವನ್ನೂ ಪ್ರಕಟಿಸಿದನು. 1860ರ ದಶಕದಲ್ಲಿ ಲಿಸ್ಟರನು ಬಳಕೆಗೆ ತಂದ ನಂಜುನಿರೋಧಕ ಕ್ರಮವೂ, 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನಿನಿಂದ ಅಂಗವನ್ನು ಮರಗಟ್ಟಿಸಬಹುದೆಂದು ತೋರಿಸಿದ್ದೂ ಇದಕ್ಕೆ ನೆರವಾದವು. ಇವೆರಡರಲ್ಲಿ ಯಾವುದೂ ಪುಣೆಯಿಂದ ಬಂದದ್ದಲ್ಲ. ಅಷ್ಟೇ ಗಮನಾರ್ಹವಾದದ್ದು ರೋನ ಪ್ರೇರಣೆ. 1887ರ ಲೇಖನದಲ್ಲಿ ಅವನು ಮೂಗುಗಳನ್ನು ರೋಮನ್, ಗ್ರೀಕ್, ಯಹೂದಿ, ಮೊಂಡು ಇತ್ಯಾದಿ ಐದು ಬಗೆಯಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಸ್ವಭಾವವನ್ನು ಹೊರಿಸುತ್ತಾನೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಮುಖಲಕ್ಷಣ ಗ್ರಂಥಗಳಲ್ಲಿ ಪ್ರಚಾರದಲ್ಲಿದ್ದ ವಿಂಗಡಣೆಯಿದು. ಸಾಮುದ್ರಿಕವನ್ನು ಮೂಢನಂಬಿಕೆಯೆಂದು ಜರೆಯುತ್ತಿದ್ದ ಕಾಲದಲ್ಲಿಯೇ ಪಶ್ಚಿಮದ ವೈದ್ಯಪತ್ರಿಕೆಯಲ್ಲಿ ಅದರ ಸೋದರನೊಂದು ಮರ್ಯಾದೆಯಿಂದ ಕುಳಿತಿತ್ತು.

ಇಲ್ಲಿ ಭಾರತದ ಕಡೆಗೆ ಒಮ್ಮೆ ತಿರುಗಬೇಕು. ರೋ ಗೂನನ್ನು ಇಳಿಸಿದ 1891ರಲ್ಲಿಯೇ ಎಚ್. ಎಚ್. ರಿಸ್ಲೆಯ ಬಂಗಾಳದ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳು ಪ್ರಕಟವಾದವು. ಮೂಗಿನ ಅಗಲವನ್ನು ಎತ್ತರದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ‘ನಾಸಿಕ ಸೂಚ್ಯಂಕ’ ಅವನ ಮಾನದಂಡ. ಮೂಗು ಅಗಲವಾದಷ್ಟೂ ಸಾಮಾಜಿಕ ಸ್ಥಾನ ಕೆಳಗೆ ಎಂಬುದು ಅವನ ಸಿದ್ಧಾಂತ. 1901ರ ಜನಗಣತಿಯ ಆಯುಕ್ತನೂ ಅವನೇ. ದಕ್ಷಿಣದಲ್ಲಿ ಮದರಾಸಿನ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಇದೇ ಬಗೆಯ ಉಪಕರಣಗಳನ್ನು ಹಿಡಿದು ಜನರ ತಲೆ ಮೂಗುಗಳನ್ನು ಅಳೆಯುತ್ತ ತಿರುಗಿದನು. 1909ರ ಅವನ ಏಳು ಸಂಪುಟಗಳಲ್ಲಿ ಕನ್ನಡ ಮಾತನಾಡುವ ಸಮುದಾಯಗಳೂ ಸೇರಿವೆ. ಮುಂಬಯಿ ವಿಶ್ವವಿದ್ಯಾಲಯದ ಜಿ. ಎಸ್. ಘುರ್ಯೆ 1932ರಲ್ಲಿ ರಿಸ್ಲೆಯ ಅಂಕಿಗಳನ್ನೇ ಮರುಪರಿಶೀಲಿಸಿ, ಜಾತಿಗೂ ಮೂಗಿಗೂ ಅವನು ಹೇಳಿದ ಸಂಬಂಧ ಉತ್ತರದ ಹಿಂದೂಸ್ತಾನದ ಹೊರಗೆ ನಿಲ್ಲುವುದಿಲ್ಲವೆಂದು ತೋರಿಸಿದರು. ರಿಸ್ಲೆ ಅಳೆದದ್ದು ಅಗಲವನ್ನು, ಗೂನನ್ನಲ್ಲ ಎಂಬುದು ನಿಜ. ಆದರೂ ಮನುಷ್ಯನ ಮೂಗಿನಲ್ಲಿ ಅವನ ಕುಲವೂ ಯೋಗ್ಯತೆಯೂ ಬರೆದಿವೆ ಎಂಬ ನಂಬಿಕೆಗೆ ಗಣಿತದ ವೇಷ ಬಂದದ್ದು ಈ ದಶಕದಲ್ಲಿ. ಅಂತಹ ಬರಹವನ್ನು ಅಳಿಸಿಹಾಕುವ ಶಸ್ತ್ರಕ್ರಿಯೆ ಬಂದದ್ದೂ ಇದೇ ದಶಕದಲ್ಲಿ. ಇದನ್ನು ಕೇವಲ ಆಕಸ್ಮಿಕವೆಂದು ಬಿಡಲು ನಮಗೆ ಮನಸ್ಸಾಗದು.

ಈ ಸಂಬಂಧ ಸ್ಪಷ್ಟವಾಗಿ ಕಾಣುವುದು ಬರ್ಲಿನ್ನಿನಲ್ಲಿ. ಯಾಕ್ ಜೋಸೆಫ್ (1865–1934) ಕೋನಿಗ್ಸ್‌ಬರ್ಗಿನಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದ ಎಲುಬಿನ ಶಸ್ತ್ರವೈದ್ಯ. 1896ರಲ್ಲಿ ಒಬ್ಬ ಹುಡುಗನ ಚಾಚಿದ ಕಿವಿಗಳನ್ನು ತಿದ್ದಿದ್ದಕ್ಕಾಗಿ ಅವನು ತಾನು ಕೆಲಸ ಮಾಡುತ್ತಿದ್ದ ಚಿಕಿತ್ಸಾಲಯವನ್ನು ಬಿಡಬೇಕಾಯಿತು. ರೋಗವಿಲ್ಲದವನನ್ನು ಕೊಯ್ಯುವುದು ವೈದ್ಯಧರ್ಮವಲ್ಲವೆಂಬುದು ಆಗಿನ ಭಾವನೆ. ಆ ಸುದ್ದಿ ಕೇಳಿ 28 ವರ್ಷದ ಗೃಹಸ್ಥನೊಬ್ಬ ಅವನಲ್ಲಿಗೆ ಬಂದನು. ತನ್ನ ದೊಡ್ಡ ಮೂಗನ್ನು ಜನ ನೋಡಿ ನಗುತ್ತಾರೆಂದು ಅವನು ಸಮಾಜದಿಂದಲೇ ದೂರ ಸರಿದಿದ್ದನು. ಜೋಸೆಫ್ 1898ರಲ್ಲಿ ಹೊರಗಿನಿಂದ ಕೊಯ್ದು ಮೂಗನ್ನು ಕಿರಿದುಗೊಳಿಸಿ, ಬರ್ಲಿನ್ ವೈದ್ಯ ಸಂಘದ ಮುಂದೆ ವರದಿ ಮಾಡಿದನು. ರೋಗಿಯ ವಿಷಣ್ಣತೆ ಹೋಯಿತೆಂಬುದೇ ಆ ವರದಿಯ ತಿರುಳು. ಮುಂದೆ 1904ರಲ್ಲಿ ಹೊಳ್ಳೆಯ ಒಳಗಿನಿಂದ ಗೂನನ್ನು ಗರಗಸದಿಂದ ಕೊಯ್ದು ತೆಗೆಯುವ ಕ್ರಮವನ್ನು ಪ್ರಕಟಿಸಿದನು. ಜರ್ಮನಿಯಲ್ಲಿ ಗೂನುಮೂಗು ಯಹೂದಿಯ ಗುರುತೆಂದು ವ್ಯಂಗ್ಯಚಿತ್ರಗಳು ಮನೆಮನೆಗೂ ಸಾರಿದ್ದ ಕಾಲವದು. ಗೂನು ಎಲ್ಲ ಜನಾಂಗಗಳಲ್ಲಿಯೂ ಉಂಟು; ಯಹೂದಿಗಳಲ್ಲಿ ಬಹುಮಂದಿಗೆ ಅದಿಲ್ಲ. ಆದರೆ ಪೂರ್ವಗ್ರಹಕ್ಕೆ ಅಂಕಿಅಂಶ ಬೇಕಾಗುವುದಿಲ್ಲ. ಜೋಸೆಫನ ಬಳಿಗೆ ಬಂದವರಲ್ಲಿ ಗುರುತು ಸಿಗದಂತೆ ಬಾಳಬೇಕೆಂಬ ಯಹೂದಿಗಳು ಅನೇಕರಿದ್ದರೆಂದು ಸ್ಯಾಂಡರ್ ಗಿಲ್ಮನ್ ಮೊದಲಾದ ವಿದ್ವಾಂಸರು ವಿವರವಾಗಿ ಚರ್ಚಿಸಿದ್ದಾರೆ. ಸ್ವತಃ ಜೋಸೆಫನ ಕೆನ್ನೆಯ ಮೇಲೆ ವಿದ್ಯಾರ್ಥಿ ದೆಸೆಯ ಕತ್ತಿವರಸೆಯಲ್ಲಿ ಗಳಿಸಿದ ಗಾಯದ ಕಲೆಗಳಿದ್ದವು. ಜರ್ಮನ್ ಪದವೀಧರನಿಗೆ ಆ ಕಲೆ ಗೌರವದ ಮುದ್ರೆ. ಮುಖದ ಮೇಲಿನ ಯಾವ ಗುರುತು ಮಾನ, ಯಾವುದು ಅವಮಾನ ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ವಿರಳ. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಚಿಕಿತ್ಸೆ ನೀಡಿ ಹೆಸರಾಗಿದ್ದ ಅವನು ಹಿಟ್ಲರನು ಅಧಿಕಾರಕ್ಕೆ ಬಂದ ಮರುವರ್ಷ, 1934ರ ಫೆಬ್ರವರಿಯಲ್ಲಿ ತೀರಿಕೊಂಡನು.

ಕಾವಸಜಿಯೂ ಬರ್ಲಿನ್ನಿನ ಆ ಗೃಹಸ್ಥನೂ ಬೇಡಿದ್ದು ಒಂದನ್ನೇ, ಜನರ ನಡುವೆ ತಲೆಯೆತ್ತಿ ನಡೆಯುವುದನ್ನು, ಎಂದು ಆಕ್ಷೇಪಿಸಬಹುದು. ಒಪ್ಪತಕ್ಕ ಮಾತು. ಆದರೆ ಒಬ್ಬನಿಗೆ ಆದದ್ದು ರಾಜಶಿಕ್ಷೆ; ಇನ್ನೊಬ್ಬನಿಗೆ ಇದ್ದದ್ದು ತಂದೆತಾಯಿಯರ ಮುಖ. ಒಬ್ಬನಿಗೆ ಕಳೆದುಹೋದದ್ದನ್ನು ಹಿಂದಕ್ಕೆ ಕೊಟ್ಟರು. ಇನ್ನೊಬ್ಬನಿಂದ ಇದ್ದದ್ದನ್ನು ತೆಗೆದರು. ಈ ಭೇದವನ್ನು ಒಂದೇ ವಂಶಾವಳಿಯಲ್ಲಿ ಮುಚ್ಚಿಹಾಕುವುದು ಚರಿತ್ರೆಗೆ ನ್ಯಾಯವಲ್ಲ.

ತೆಗೆಯುವ ವಿದ್ಯೆಗೆ ಅದರದೇ ಕಷ್ಟಗಳಿದ್ದವು. ಮೂಗಿನ ಮೇಲಿನ ಮೂರನೆಯ ಒಂದು ಭಾಗ ಎಲುಬು, ಉಳಿದದ್ದು ಮೃದ್ವಸ್ಥಿ. ಗೂನು ಇವೆರಡೂ ಕೂಡುವಲ್ಲಿ ಏಳುತ್ತದೆ. ನೋಡುವವರಿಗೆ ಎಲುಬಿನಂತೆ ತೋರಿದರೂ ಅದರ ಹೆಚ್ಚಿನ ಪಾಲು ಮೃದ್ವಸ್ಥಿಯೇ. ಮೇಲಿನ ಚರ್ಮವೂ ಅಲ್ಲಿಯೇ ಅತಿ ತೆಳು. ಮೂಗನ್ನು ಇಳಿಜಾರಿನ ಎರಡು ಮಾಡುಗಳ ಮನೆಯೆಂದು ಭಾವಿಸಿದರೆ ಗೂನು ಅದರ ಮುಚ್ಚಳ. ಮುಚ್ಚಳವನ್ನು ಕೊಯ್ದು ತೆಗೆದರೆ ಮನೆಯ ಮೇಲ್ಭಾಗ ತೆರೆದುಕೊಂಡು, ನಡುವೆ ಚಪ್ಪಟೆಯಾದ ಅಗಲ ಪಟ್ಟಿ ಕಾಣುತ್ತದೆ. ಅದಕ್ಕಾಗಿ ಎರಡು ಕಡೆಯ ಎಲುಬುಗಳನ್ನು ಬುಡದಲ್ಲಿ ಕತ್ತರಿಸಿ ಒಳಕ್ಕೆ ಒತ್ತಿ ಕೂಡಿಸಬೇಕು. ಕೂಡಿಸಿದಾಗ ಉಸಿರಿನ ದಾರಿ ಕಿರಿದಾಗಬಹುದು. ಆಸರೆ ತಪ್ಪಿದ ಮೃದ್ವಸ್ಥಿ ವರ್ಷಗಳ ನಂತರ ಕುಸಿದು ಮೂಗಿನ ನಡುಭಾಗ ಚಿವುಟಿದಂತಾಗಬಹುದು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಹೀಗೆ ಅತಿಯಾಗಿ ಕೊಯ್ದ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಹ ಮೂಗುಗಳು ಅಮೆರಿಕದಲ್ಲಿ ಬಹಳವಾದವು. ನಟಿ ಫ್ಯಾನಿ ಬ್ರೈಸ್ 1923ರಲ್ಲಿ ಮೂಗು ತಿದ್ದಿಸಿಕೊಂಡದ್ದು ದೊಡ್ಡ ಸುದ್ದಿಯಾಗಿತ್ತು. 1968ರ ಚಲನಚಿತ್ರದಲ್ಲಿ ಆಕೆಯ ಪಾತ್ರವಹಿಸಿದ ಬಾರ್ಬ್ರಾ ಸ್ಟ್ರೈಸೆಂಡ್ ತನ್ನ ಮೂಗನ್ನು ಮುಟ್ಟಗೊಡಲಿಲ್ಲ. 1984ರಲ್ಲಿ ಜ್ಯಾಕ್ ಶೀನ್ ಮೂಗಿನ ನಡುಗೋಡೆಯ ಎರಡು ಬದಿಗೂ ಮೃದ್ವಸ್ಥಿಯ ತೆಳುಪಟ್ಟಿಗಳನ್ನು ಆಸರೆಯಾಗಿ ಇಡುವ ಕ್ರಮವನ್ನು ಹೇಳಿದ ಮೇಲೆ ತೆಗೆಯುವುದರ ಜೊತೆಗೆ ಕಟ್ಟುವುದೂ ಈ ವಿದ್ಯೆಯ ಅಂಗವಾಯಿತು.

ಬೇರೊಂದು ಉಪಾಯವೂ ಇತ್ತು. ಬಾಸ್ಟನ್ನಿನ ಗುಡೇಲ್ 1899ರಲ್ಲಿಯೇ ಗೂನನ್ನು ಕೊಯ್ಯದೆ, ಅಡಿಯ ಗೋಡೆಯಿಂದ ಒಂದು ಪಟ್ಟಿಯನ್ನು ತೆಗೆದು ಇಡೀ ಮಾಡನ್ನೇ ಕೆಳಗಿಳಿಸುವ ಕ್ರಮವನ್ನು ವಿವರಿಸಿದ್ದನು. ಷಿಕಾಗೋದ ಕಾಟಲ್ 1954ರಲ್ಲಿ ಅದನ್ನು ಮುಂದುವರಿಸಿದನು. ಆದರೂ ಜೋಸೆಫನ ಗರಗಸದ ಪ್ರತಿಷ್ಠೆಯ ಮುಂದೆ ಇದು ಮೂಲೆ ಸೇರಿತು. ಮೂಗಿನ ಸಹಜ ಬೆನ್ನನ್ನು ಉಳಿಸಿಕೊಳ್ಳುವ ಈ ಪದ್ಧತಿ ಇಪ್ಪತ್ತೊಂದನೆಯ ಶತಮಾನದ ಎರಡನೆಯ ದಶಕದಲ್ಲಿ ಮತ್ತೆ ಬಳಕೆಗೆ ಬಂದಿದೆ. ಉಳಿಯ ಬದಲು ಶ್ರವಣಾತೀತ ಕಂಪನದಿಂದ ಎಲುಬನ್ನು ಕೊಯ್ಯುವ ಉಪಕರಣಗಳೂ ಬಂದಿವೆ.

ಕೊಯ್ಯದೆ ಗೂನನ್ನು ಮರೆಸುವ ಮಾರ್ಗವನ್ನು ಹೊಸತೆಂದು ಜಾಹೀರಾತುಗಳು ಸಾರುತ್ತವೆ. ಅದರ ವಯಸ್ಸು ಜೋಸೆಫನ ಶಸ್ತ್ರಕ್ರಿಯೆಯಷ್ಟೇ. ವಿಯೆನ್ನಾದ ರೊಬರ್ಟ್ ಗೆರ್ಸುನಿ 1899ರಲ್ಲಿ ವ್ಯಾಸಲೀನನ್ನು ಸೂಜಿಯಿಂದ ದೇಹದೊಳಕ್ಕೆ ಸೇರಿಸಿ ಆಕಾರ ತುಂಬಬಹುದೆಂದು ತೋರಿಸಿದನು. ಒಡನೆಯೇ ಕರಗಿಸಿದ ಪ್ಯಾರಾಫಿನ್ ಮೇಣ ಮೂಗುಗಳೊಳಗೆ ಹರಿಯತೊಡಗಿತು. ತಗ್ಗಿದ ಮೂಗನ್ನು ಎತ್ತುವುದು, ಗೂನಿನ ಮೇಲೆ ಕೆಳಗೆ ತುಂಬಿ ಬೆನ್ನನ್ನು ನೇರವಾಗಿ ತೋರಿಸುವುದು, ಎಲ್ಲಕ್ಕೂ ಒಂದೇ ಮದ್ದು. ಪರಿಣಾಮಗಳು ಬೇಗನೆ ಕಂಡವು. ಮೇಣ ಜಾರಿತು, ಗಂಟುಗಟ್ಟಿತು, ಹುಣ್ಣಾಯಿತು. ರಕ್ತನಾಳವನ್ನು ಹೊಕ್ಕು ಕಣ್ಣು ಕುರುಡಾದ ಪ್ರಕರಣಗಳು ಶತಮಾನದ ಮೊದಲ ವರ್ಷಗಳಲ್ಲಿಯೇ ವೈದ್ಯಪತ್ರಿಕೆಗಳಲ್ಲಿ ವರದಿಯಾದವು. ರೂಪವತಿಯೆಂದು ಯುರೋಪಿನಲ್ಲೆಲ್ಲ ಖ್ಯಾತಳಾಗಿದ್ದ ಗ್ಲ್ಯಾಡಿಸ್ ಡೀಕನ್, ಮುಂದೆ ಮಾರ್ಲ್‌ಬರೋವಿನ ಡಚೆಸ್ ಆದವಳು, ಗ್ರೀಕ್ ಪ್ರತಿಮೆಯ ಮೂಗು ಬೇಕೆಂದು ತಾರುಣ್ಯದಲ್ಲಿ ಮೇಣ ತುಂಬಿಸಿಕೊಂಡಳು. ಅದು ಕೆಳಗಿಳಿದು ಮುಖವನ್ನು ಕೆಡಿಸಿತು. 1977ರಲ್ಲಿ, ತೊಂಬತ್ತು ದಾಟಿದ ಮೇಲೆ, ಆಕೆ ತೀರಿಕೊಂಡಳು.

ಇಂದು ತುಂಬುವ ದ್ರವ್ಯ ಬೇರೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣಿನೊಳಗಿನ ದ್ರವದಿಂದ ಬೇರ್ಪಡಿಸಿದ ಹಯಲುರಾನಿಕ್ ಆಮ್ಲವನ್ನು ಲೋಳೆಯಾಗಿ ಸಿದ್ಧಪಡಿಸಿ, ಮುಖದ ಸುಕ್ಕುಗಳಿಗೆ ಬಳಸಲು ಅಮೆರಿಕ ಸರ್ಕಾರ 2003ರಲ್ಲಿ ಮೊದಲಿಗೆ ಅನುಮತಿಯಿತ್ತಿತು. ಮೂಗಿಗೆ ಅದು ಬಂದದ್ದು ಅದರ ಬೆನ್ನಿಗೇ. ಇದು ಮೇಣದಂತೆ ಶಾಶ್ವತವಲ್ಲ. ಕೆಲವು ತಿಂಗಳುಗಳಿಂದ ವರ್ಷ, ಒಂದೂವರೆ ವರ್ಷದೊಳಗೆ ಕರಗುತ್ತದೆ. ಬೇಡವಾದರೆ ಹಯಲುರಾನಿಡೇಸ್ ಎಂಬ ಕಿಣ್ವದಿಂದ ಕರಗಿಸಲೂಬಹುದು. ಹುಬ್ಬುಗಳ ನಡುವಿನ ತಗ್ಗಿನಿಂದಲೋ ಇಳಿಬಿದ್ದ ತುದಿಯಿಂದಲೋ ಗೂನು ಇರುವುದಕ್ಕಿಂತ ದೊಡ್ಡದಾಗಿ ಕಾಣುವ ಮೂಗುಗಳಿಗೆ ಇದು ಒಪ್ಪುತ್ತದೆ. ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಈ ವಿಧಾನದಲ್ಲಿ ಗೂನು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಹಳ್ಳ ತುಂಬಿ ದಿಬ್ಬವನ್ನು ಮರೆಸುವುದರಿಂದ ಮೂಗು ಅಳತೆಯಲ್ಲಿ ಹಿಂದಿಗಿಂತ ದೊಡ್ಡದಾಗುತ್ತದೆ. ದೊಡ್ಡ ಗೂನಿಗೂ ಸೊಟ್ಟಾದ ಮೂಗಿಗೂ ಉಸಿರಾಟದ ತೊಂದರೆಗೂ ಇದರಿಂದ ಉಪಯೋಗವಿಲ್ಲ. ಮೂಗಿಗೆ ಸಿಕ್ಕಿಸುವ ಚಿಮಟಗಳೂ ಮೂಗಿನ ವ್ಯಾಯಾಮಗಳೂ ಮಾರುಕಟ್ಟೆಯಲ್ಲಿವೆ. ಎಲುಬು ಅವುಗಳ ಮಾತನ್ನು ಕೇಳುವುದಿಲ್ಲ.

ಮೇಣದ ಕಾಲದ ಅಪಾಯವೂ ದ್ರವ್ಯದೊಂದಿಗೆ ಪೂರ್ತಿಯಾಗಿ ಹೋಗಲಿಲ್ಲ. ಮೂಗಿನ ಬೆನ್ನಿನ ಮೇಲಿನ ಅಪಧಮನಿಗಳು ಕಣ್ಣಿನ ಅಪಧಮನಿಯೊಡನೆ ಕೂಡಿಕೊಂಡಿವೆ. ಸೂಜಿಯ ತುದಿ ಅವುಗಳಲ್ಲಿ ಒಂದನ್ನು ಹೊಕ್ಕು ಲೋಳೆ ಒತ್ತಡದಿಂದ ಹಿಂದಕ್ಕೆ ನುಗ್ಗಿದರೆ ಕಣ್ಣಿನ ಹಿಂಭಾಗವನ್ನು ಮುಟ್ಟುತ್ತದೆ. ಹೀಗೆ ಹೋದ ದೃಷ್ಟಿ ಮರಳುವುದು ಅಪರೂಪ. ವಿರಳವೇ ಹೌದು, ಆದರೆ ಮುಖದಲ್ಲಿ ಈ ಅಪಾಯ ಹೆಚ್ಚಾಗಿರುವ ಕೆಲವೇ ಸ್ಥಳಗಳಲ್ಲಿ ಮೂಗು ಒಂದು. ಹಿಂದೆ ಶಸ್ತ್ರಕ್ರಿಯೆಯಾದ ಮೂಗಿನಲ್ಲಿ ರಕ್ತನಾಳಗಳ ದಾರಿ ಬದಲಾಗಿರುವುದರಿಂದ ಅದು ಇನ್ನೂ ಹೆಚ್ಚು. ‘ಶಸ್ತ್ರವಿಲ್ಲದ’ ಎಂಬ ವಿಶೇಷಣ ‘ಅಪಾಯವಿಲ್ಲದ’ ಎಂಬ ಅರ್ಥವನ್ನು ತಾನೇ ತಾನಾಗಿ ಪಡೆದುಕೊಳ್ಳುತ್ತಿರುವುದರಿಂದ ಇದನ್ನು ಇಷ್ಟು ಬೆಳೆಸಬೇಕಾಯಿತು.

ಲೋಳೆ ಚರ್ಮದ ರಕ್ತನಾಳವನ್ನು ಮುಚ್ಚಿದಾಗ, ಸಕಾಲದಲ್ಲಿ ಕಿಣ್ವ ಕೊಡದಿದ್ದರೆ, ಮೂಗಿನ ಚರ್ಮ ಕಪ್ಪಾಗಿ ಸಾಯುತ್ತದೆ. ತೀವ್ರವಾದ ಪ್ರಕರಣಗಳಲ್ಲಿ ಮೂಗಿನ ಭಾಗವೇ ಕಳಚಿಹೋದದ್ದುಂಟು. ಅಂತಹ ರೋಗಿಗೆ ಇಂದಿನ ಶಸ್ತ್ರವೈದ್ಯ ಮಾಡುವುದು ಅಳತೆಯ ಹಾಳೆಯನ್ನು ಹಣೆಯ ಮೇಲಿಟ್ಟು ಗೆರೆ ಎಳೆದು, ಹುಬ್ಬಿನ ಬಳಿ ಒಂದು ಪಟ್ಟಿಯನ್ನು ಉಳಿಸಿ ಚರ್ಮವನ್ನು ಬಿಡಿಸಿ, ತಿರುಚಿ ಮೂಗಿಗೆ ತರುವುದನ್ನೇ. ಅರ್ಬುದ ರೋಗದಿಂದ ಮೂಗು ಕಳೆದುಕೊಂಡವರಿಗೂ ಇದೇ ಕ್ರಮ. ಇಂಗ್ಲಿಷ್ ಪಠ್ಯಗಳಲ್ಲಿ ಅದಕ್ಕೆ ‘ಭಾರತೀಯ ವಿಧಾನ’ವೆಂಬ ಹಳೆಯ ಹೆಸರು ಇನ್ನೂ ಉಳಿದಿದೆ. ಹುಬ್ಬಿನ ಬಳಿಯ ಪಟ್ಟಿಯನ್ನು ಸಾಮ���ನ್ಯವಾಗಿ ಮೂರು ವಾರಗಳಿಗೆ ಕತ್ತರಿಸುತ್ತಾರೆ. ಪುಣೆಯವನು ಇನ್ನೂ ನಾಲ್ಕು ದಿನ ಕಾಯುತ್ತಿದ್ದನು.